ಬಡತನವೂ ನೆರೆಹೊರೆಯೂ

ಬಡವನಾಗಿರುವುದು ಒಂದು ಕಷ್ಟ. ಬಡವರ ನಡುವೆ ಬಡವನಾಗಿರುವುದು ಬೇರೆಯೇ ಒಂದು ಕಷ್ಟ. ಮೊದಲನೆಯದು ಮನೆಯೊಳಗಿನದು: ಗಳಿಕೆಗೂ ಖರ್ಚಿಗೂ ತಾಳೆಯಾಗದೆ ಇರುವುದು. ಎರಡನೆಯದು ಬಾಗಿಲಾಚೆಯದು: ಬೀದಿಯ ದೀಪ ಉರಿಯದೆ ಇರುವುದು, ಶಾಲೆಯಲ್ಲಿ ಉಪಾಧ್ಯಾಯರು ನಿಲ್ಲದೆ ಇರುವುದು, ಅಂಗಡಿಯವನು ಕದ ಮುಚ್ಚಿಕೊಂಡು ಹೋಗಿರುವುದು, ಕೆಲಸ ಎಲ್ಲಿದೆಯೆಂದು ಕೇಳೋಣವೆಂದರೆ ಕೇಳಿಸಿಕೊಳ್ಳತಕ್ಕವನಿಗೇ ಕೆಲಸವಿಲ್ಲದೆ ಇರುವುದು. ಮೊದಲನೆಯ ಕಷ್ಟಕ್ಕೆ ಹೊಣೆ ವಿಧಿಯೋ ಪುರುಷಪ್ರಯತ್ನದ ಕೊರತೆಯೋ ಎಂಬ ವಾದ ಬಹಳ ಹಳೆಯದು. ಅದಕ್ಕೆ ಎರಡು ಕಡೆಯಲ್ಲಿಯೂ ಪಂಡಿತರುಂಟು. ಎರಡನೆಯದರ ವಿಚಾರ ಅಷ್ಟು ಹಳೆಯದಲ್ಲ. ಆದುದರಿಂದಲೇ ಅಷ್ಟು ತಿಳಿಯಾಗಿಯೂ ಇಲ್ಲ. ಕೇರಿಯ ಬಡತನಕ್ಕೆ ಕೇರಿಯವರೇ ಹೊಣೆಯೆ, ಕೇರಿಯ ಎಲ್ಲೆಯನ್ನು ಎಳೆದವರು ಹೊಣೆಯೆ? ತನ್ನವರ ನಡುವೆ ಬಾಳಬೇಕೆಂಬ ಆಸೆ ಒಂದು ದೋಷವೆ? ಬಡವರ ಕೇರಿಯನ್ನು ಚದರಿಸುವುದು ಉಪಕಾರವಾದೀತೆ?

ಈ ಪ್ರಶ್ನೆಗಳು ಎಲ್ಲ ದೇಶಗಳಲ್ಲಿಯೂ ಏಳತಕ್ಕವು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಪ್ಯಾನಿಷ್ ಮೂಲದ ಜನರ ವಿಷಯದಲ್ಲಿ ಅವು ಎದ್ದಿರುವ ಬಗೆ ವಿಚಾರಕ್ಕೆ ವಿಶೇಷವಾಗಿ ಅನುಕೂಲವಾದದ್ದು. ೨೦೨೦ರ ಜನಗಣತಿಯಲ್ಲಿ ಹಿಸ್ಪಾನಿಕ್ ಅಥವಾ ಲ್ಯಾಟಿನೋ ಎಂದು ಲೆಕ್ಕಕ್ಕೆ ಬಂದವರು ೬ ಕೋಟಿ ೨೧ ಲಕ್ಷ. ಎಂದರೆ ಆ ದೇಶದ ನೂರು ಜನರಲ್ಲಿ ಸುಮಾರು ೧೯ ಮಂದಿ. ಹೆಸರು ಒಂದಾದರೂ ಜನ ಒಂದಲ್ಲ. ಮೆಕ್ಸಿಕೋದ ಬೇಸಾಯಗಾರನ ಮೊಮ್ಮಗ, ಪೋರ್ಟೋರಿಕೋ ದ್ವೀಪದಿಂದ ಬಂದ ಹೊಲಿಗೆಯವಳು, ಹವಾನಾದಲ್ಲಿ ಬ್ಯಾಂಕು ನಡೆಸುತ್ತಿದ್ದವನು, ಸಾಲ್ವಡಾರಿನ ಯುದ್ಧದಿಂದ ತಪ್ಪಿಸಿಕೊಂಡವನು, ಇವರೆಲ್ಲರನ್ನೂ ಗಣತಿಯ ಗುಮಾಸ್ತನು ಒಂದೇ ಕಲಮಿನಲ್ಲಿ ಬರೆದುಕೊಳ್ಳುತ್ತಾನೆ. ಬರೆಸಿಕೊಂಡವರಲ್ಲಿ ಅನೇಕರಿಗೆ ಆ ಹೆಸರು ಗಡಿ ದಾಟಿದ ಮೇಲೆ ದೊರೆತದ್ದು.

ಅವರು ಒಟ್ಟುಗೂಡಿ ನೆಲಸಿದ ಭಾಗಕ್ಕೆ ಅವರ ಮಾತಿನಲ್ಲಿ ಬಾರ್ರಿಯೋ ಎಂದು ಹೆಸರು. ಕನ್ನಡದ ಕೇರಿ ಎಂಬ ಶಬ್ದ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಕೇರಿ ಎಂದರೆ ಬರಿಯ ಬೀದಿಯಲ್ಲ, ಇಂಥವರ ಬೀದಿ ಎಂಬ ಧ್ವನಿ ಕನ್ನಡಿಗರ ಕಿವಿಗೆ ತಾನೇ ಕೇಳಿಸುತ್ತದೆ; ಬಾರ್ರಿಯೋ ಎಂಬುದಕ್ಕೂ ಆ ದೇಶದಲ್ಲಿ ಅದೇ ಧ್ವನಿ ಹತ್ತಿಕೊಂಡಿದೆ.

ಆ ದೇಶದ ಶಾಸ್ತ್ರಜ್ಞರು ಬಡತನವನ್ನು ನೆಲದ ಮೇಲೆ ಅಳೆಯುವುದಕ್ಕೆ ಒಂದು ಕ್ರಮವನ್ನು ಮಾಡಿಕೊಂಡಿದ್ದಾರೆ. ಗಣತಿಗಾಗಿ ಪಟ್ಟಣಗಳನ್ನು ಕೆಲವು ಸಾವಿರ ಜನರ ಚಿಕ್ಕ ಚಿಕ್ಕ ವಿಭಾಗಗಳಾಗಿ ಹಂಚಿರುತ್ತಾರೆ. ವಿಭಾಗದೊಳಗೆ ನೂರಕ್ಕೆ ೨೦ ಮಂದಿಯಾದರೂ ದಾರಿದ್ರ್ಯರೇಖೆಯ ಕೆಳಗಿದ್ದರೆ ಅದು ಬಡ ವಿಭಾಗ; ೪೦ ಮುಟ್ಟಿದರೆ ಅತಿ ದಾರಿದ್ರ್ಯದ ವಿಭಾಗ. ಅಳತೆ ಉಪಯುಕ್ತವಾದದ್ದೇ. ಆದರೆ ಅದರಿಂದ ಒಂದು ಭ್ರಾಂತಿಯೂ ಹುಟ್ಟುತ್ತದೆ. ನಕ್ಷೆಯ ಮೇಲೆ ಬಣ್ಣ ಬಳಿದಾಗ ದಾರಿದ್ರ್ಯವು ಆ ನೆಲದಿಂದಲೇ ಉಕ್ಕಿಬಂದಂತೆ ಕಾಣುತ್ತದೆ; ಒಂದು ಮೈಲಿ ದೂರದಲ್ಲಿ ಯಾರು ಯಾವ ನಿರ್ಣಯ ಮಾಡಿದ್ದರಿಂದ ಆ ಬಣ್ಣ ಅಲ್ಲಿ ಬಿತ್ತೆಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಆದುದರಿಂದ ಮೊದಲು ಜನ ಅಲ್ಲಿಗೆ ಬಂದುದು ಹೇಗೆಂದು ನೋಡಬೇಕು. ಕೆಲವರು ಬಂದೇ ಇಲ್ಲ. ೧೮೪೮ರಲ್ಲಿ ಗ್ವಾಡಲೂಪೆ ಹಿಡಾಲ್ಗೋ ಎಂಬಲ್ಲಿ ಆದ ಕೌಲಿನಿಂದ ಮೆಕ್ಸಿಕೋ ದೇಶವು, ಅದಕ್ಕೆ ಹಿಂದೆಯೇ ಕೈಬಿಟ್ಟುಹೋಗಿದ್ದ ಟೆಕ್ಸಾಸನ್ನೂ ಸೇರಿಸಿ ಎಣಿಸಿದರೆ, ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಅಲ್ಲಿದ್ದ ಜನ ತಮ್ಮ ಜಗಲಿಯಿಂದ ಇಳಿಯದೆಯೇ ಬೇರೆ ದೇಶದವರಾದರು. ಅವರ ಆಸ್ತಿಯನ್ನು ಕಾಪಾಡುವುದಾಗಿ ಕೌಲಿನಲ್ಲಿ ಬರೆದಿತ್ತು. ಆದರೆ ೧೮೫೧ರಲ್ಲಿ ಕ್ಯಾಲಿಫೋರ್ನಿಯಕ್ಕಾಗಿ ಆದ ಕಾಯಿದೆ, ಭೂಮಿ ತನ್ನದೆಂದು ರುಜುಪಡಿಸುವ ಭಾರವನ್ನು ಒಡೆಯನ ಮೇಲೆಯೇ ಹೊರಿಸಿತು. ವ್ಯಾಜ್ಯಗಳು ವರ್ಷಾನುವರ್ಷ ನಡೆದುವು. ಗೆದ್ದವರಲ್ಲಿಯೂ ಎಷ್ಟೋ ಮಂದಿ ವಕೀಲರ ಋಣಕ್ಕೆ ಭೂಮಿಯನ್ನು ತೆತ್ತರು. ಹೊಲ ಹೋದವರು ಪಟ್ಟಣದ ಅಂಚಿನಲ್ಲಿ ಕೂಲಿಗಾರರಾಗಿ ನೆಲಸಿದರು.

ಆಮೇಲೆ ಬಂದವರನ್ನು ಕರೆದವರುಂಟು. ರೈಲುಹಾದಿಗೆ ಹಳಿ ಹಾಸುವುದಕ್ಕೂ ಹತ್ತಿ, ಬೀಟ್ ಗೆಡ್ಡೆ, ಕಿತ್ತಳೆಗಳ ತೋಟದ ಕೆಲಸಕ್ಕೂ ಮೆಕ್ಸಿಕೋದಿಂದ ಆಳುಗಳನ್ನು ಕರೆತಂದರು. ಕೂಲಿಗಾರರ ಬಿಡಾರವಿದ್ದ ಕಡೆ ಕೇರಿ ಬೆಳೆಯಿತು. ೧೯೩೦ರ ಅನಂತರದ ಕ್ಷಾಮಕಾಲದಲ್ಲಿ ಅವರನ್ನೇ ಲಕ್ಷಗಟ್ಟಲೆಯಾಗಿ ಹಿಂದಕ್ಕೆ ಅಟ್ಟಿದರು; ಹಾಗೆ ಹೋದವರಲ್ಲಿ ಆ ದೇಶದಲ್ಲಿಯೇ ಹುಟ್ಟಿ ಪ್ರಜೆಗಳಾಗಿದ್ದ ಮಕ್ಕಳೂ ಬಹಳ ಮಂದಿ ಇದ್ದರು. ಯುದ್ಧ ಬಂದು ಆಳುಗಳ ಅಭಾವವಾಗಲು, ೧೯೪೨ರಲ್ಲಿ ಬ್ರಾಸೆರೋ ಎಂಬ ಏರ್ಪಾಡಿನ ಮೂಲಕ ಮತ್ತೆ ಕರೆದರು. ೧೯೬೪ರಲ್ಲಿ ಅದು ಮುಗಿಯುವುದರೊಳಗೆ ಸುಮಾರು ೪೬ ಲಕ್ಷ ಕರಾರುಗಳಾಗಿದ್ದುವು. ಬ್ರಾಸೋ ಎಂದರೆ ಸ್ಪ್ಯಾನಿಷಿನಲ್ಲಿ ತೋಳು. ತೋಳುಗಳನ್ನು ಕರೆದವರು, ತೋಳುಗಳ ಜತೆಗೆ ಹೊಟ್ಟೆಯೂ ಹೆಂಡತಿಮಕ್ಕಳೂ ಇರುವರೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೋರ್ಟೋರಿಕೋದವರ ಕಥೆ ಬೇರೆ: ೧೯೧೭ರಿಂದ ಅವರು ಆ ದೇಶದ ಪ್ರಜೆಗಳೇ. ಎರಡನೆಯ ಮಹಾಯುದ್ಧದ ತರುವಾಯ ವಿಮಾನವೇರಿ ನ್ಯೂಯಾರ್ಕಿಗೆ ಬಂದು ಪೂರ್ವ ಹಾರ್ಲೆಮಿನಲ್ಲಿ ನೆಲಸಿದರು. ಪ್ರಜೆಗಳೆಂಬ ಹಕ್ಕಿನಿಂದ ಗಡಿ ದಾಟುವ ಕಷ್ಟ ತಪ್ಪಿತು. ಬಾಡಿಗೆಯ ಮನೆ ಸಿಕ್ಕುವ ಕಷ್ಟ ತಪ್ಪಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ. ಬಂದದ್ದು ಹೇಗೇ ಇರಲಿ, ಬಂದ ಮೇಲೆ ಒಂದೇ ಕಡೆ ಗುಂಪುಗೂಡಿದ್ದು ಅವರ ಇಚ್ಛೆಯಲ್ಲವೆ? ತಮ್ಮ ಭಾಷೆ, ತಮ್ಮ ರೊಟ್ಟಿ, ತಮ್ಮ ದೇವಾಲಯ ಎಂದು ಒಂದೆಡೆ ಸೇರಿದವರು ಅದರ ಫಲವನ್ನೂ ಉಣ್ಣಬೇಕಲ್ಲವೆ? ಈ ವಾದವನ್ನು ದುಷ್ಟರ ವಾದವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿ ಸತ್ಯಾಂಶವಿದೆ. ತನ್ನ ಮಾತು ತಿಳಿಯುವ ವೈದ್ಯನಿರುವ ಬೀದಿಯನ್ನು ಯಾರೂ ಹುಡುಕುತ್ತಾರೆ. ಆದರೆ ಇಚ್ಛೆ ಎಂಬ ಶಬ್ದವನ್ನು ಬಳಸುವವರು, ಆರಿಸಿಕೊಳ್ಳುವುದಕ್ಕೆ ಮುಂದೆ ಏನೇನಿತ್ತು ಎಂಬುದನ್ನೂ ಹೇಳಬೇಕು. ಹೊಳೆಯಲ್ಲಿ ಒಂದೇ ದೋಣಿ ಇದ್ದಾಗ ಅದನ್ನು ಹತ್ತಿದವನಿಗೆ ಆ ದೋಣಿಯ ಮೇಲೆ ಪ್ರೀತಿಯಿತ್ತೆಂದು ಹೇಳಲಾಗುವುದಿಲ್ಲ.

ಅಲ್ಲಿ ಇದ್ದ ದೋಣಿಗಳ ಲೆಕ್ಕ ಸರಕಾರದ ಕಾಗದಗಳಲ್ಲಿಯೇ ಉಂಟು. ೧೯೩೩ರಲ್ಲಿ ಮನೆಸಾಲದಲ್ಲಿ ಮುಳುಗಿದವರನ್ನು ಉಳಿಸುವುದಕ್ಕಾಗಿ ಒಂದು ಸರಕಾರಿ ಸಂಸ್ಥೆ ಹುಟ್ಟಿತು. ಅದು ಇನ್ನೂರಕ್ಕೂ ಹೆಚ್ಚು ಪಟ್ಟಣಗಳ ನಕ್ಷೆಗಳನ್ನು ಬರೆಯಿಸಿ, ಸಾಲ ಕೊಡುವುದಕ್ಕೆ ಯೋಗ್ಯವಾದ ಬೀದಿಗಳು ಯಾವುವು, ಅಪಾಯಕರವಾದುವು ಯಾವುವು ಎಂದು ನಾಲ್ಕು ಬಣ್ಣಗಳಲ್ಲಿ ಗುರುತು ಹಾಕಿತು. ಅಪಾಯದ ಬಣ್ಣ ಕೆಂಪು. ಲಾಸ್ ಏಂಜಲ್ಸಿನ ಬಾಯ್ಲ್ ಹೈಟ್ಸ್ ಎಂಬ ಭಾಗದಲ್ಲಿ ಮೆಕ್ಸಿಕನರು, ಯೆಹೂದ್ಯರು, ಜಪಾನೀಯರು ಮೊದಲಾದವರು ಬೆರೆತು ಬಾಳುತ್ತಿದ್ದರು; ಹಾಗೆ ಬೆರೆತಿರುವುದನ್ನೇ ದೋಷವೆಂದು ಬರೆದು ಅದಕ್ಕೆ ಕೆಂಪು ಬಳಿದರು. ನೆರೆಯವರು ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದುದು ಸಾಲಕ್ಕೆ ಅನರ್ಹತೆಯಾದದ್ದು ನಗೆಗೂ ದುಃಖಕ್ಕೂ ಸಮವಾಗಿ ಕಾರಣವಾಗುವಂಥದು. ಈ ನಕ್ಷೆಗಳೇ ಸಕಲ ಅನರ್ಥಕ್ಕೂ ಮೂಲವೆಂದು ಹೇಳುವುದನ್ನು ಈಚಿನ ವಿದ್ವಾಂಸರಲ್ಲಿ ಕೆಲವರು ಒಪ್ಪುವುದಿಲ್ಲ. ನಕ್ಷೆಗೆ ಮುಂಚೆಯೇ ದಳ್ಳಾಳಿಗಳೂ ಬ್ಯಾಂಕಿನವರೂ ಹಾಗೆಯೇ ನಡೆಯುತ್ತಿದ್ದರು, ೧೯೩೪ರಲ್ಲಿ ಹುಟ್ಟಿದ ಮನೆಸಾಲದ ವಿಮೆಯ ಇಲಾಖೆಯಿಂದ ಆದ ಹಾನಿ ಇನ್ನೂ ದೊಡ್ಡದು, ಎಂದು ಅವರ ಅಭಿಪ್ರಾಯ. ಅದು ಸರಿಯಿರಬಹುದು. ಅದರಿಂದ ಹೊಣೆಗಾರರ ಸಂಖ್ಯೆ ಹೆಚ್ಚುವುದೇ ಹೊರತು ಹೊಣೆ ಕೇರಿಯವರ ಮೇಲೆ ಬೀಳುವುದಿಲ್ಲ.

ಇದಲ್ಲದೆ ಕ್ರಯಪತ್ರಗಳಲ್ಲಿಯೇ, ಈ ಮನೆಯನ್ನು ಮೆಕ್ಸಿಕನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ನಿಬಂಧನೆಯನ್ನು ಬರೆಯಿಸುತ್ತಿದ್ದರು. ೧೯೪೩ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಒಂದು ಮೆಕ್ಸಿಕನ್ ಸಂಸಾರವನ್ನು ಈ ನಿಬಂಧನೆಯ ಬಲದಿಂದ ಎಬ್ಬಿಸುವುದಕ್ಕಾಗಿ ನೆರೆಯವರು ಹೂಡಿದ ವ್ಯಾಜ್ಯವನ್ನು ನ್ಯಾಯಾಧೀಶರು ವಜಾ ಮಾಡಿದರು. ಇಡೀ ದೇಶಕ್ಕೆ ಅನ್ವಯಿಸುವಂತೆ ಶ್ರೇಷ್ಠ ನ್ಯಾಯಾಲಯದ ತೀರ್ಪು ಬಂದದ್ದು ೧೯೪೮ರಲ್ಲಿ. ಮನೆ ಕೊಡುವಾಗ ಭೇದವೆಣಿಸುವುದನ್ನು ನಿಷೇಧಿಸಿದ ಶಾಸನ ಆದದ್ದು ೧೯೬೮ರಲ್ಲಿ. ಅಷ್ಟು ಹೊತ್ತಿಗೆ ಸರಕಾರದ ಸಾಲದಿಂದ ಊರಾಚೆ ಮನೆ ಕಟ್ಟಿಕೊಂಡವರ ಮಕ್ಕಳು ಆ ಮನೆಗಳ ವಾರಸುದಾರರಾಗತೊಡಗಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಒಳ್ಳೆಯದೇ. ಆದರೆ ಹಾಸಿಗೆಯನ್ನು ಕತ್ತರಿಸಿಕೊಂಡು ಹೋದವನು ಅದನ್ನು ಹೇಳತಕ್ಕದ್ದಲ್ಲ.

ಟೆಕ್ಸಾಸಿನ ಗಡಿಯ ಕೊಲೋನಿಯಾಗಳ ಸಂಗತಿಯಾದರೋ ಇನ್ನೂ ಕ್ಲಿಷ್ಟ. ಅಲ್ಲಿ ಎಲ್ಲೆ ಎಳೆದು ಯಾರೂ ಯಾರನ್ನೂ ತಡೆಯಲಿಲ್ಲ. ೧೯೫೦ರ ದಶಕದಿಂದ ಈಚೆಗೆ, ಊರಾಡಳಿತದ ಮೇರೆಯ ಹೊರಗೆ, ಬೆಳೆ ಬಾರದ ಅಥವಾ ಮಳೆಯಲ್ಲಿ ನೀರು ನಿಲ್ಲುವ ನೆಲವನ್ನು ಕೊಂಡವರು ಅದನ್ನು ಚಿಕ್ಕ ನಿವೇಶನಗಳಾಗಿ ಸೀಳಿ ಮೆಕ್ಸಿಕನ್ ಕೂಲಿಗಾರರಿಗೆ ಕಂತಿನ ಮೇಲೆ ಮಾರಿದರು. ನೀರಿನ ಕೊಳಾಯಿಯಿಲ್ಲ, ಚರಂಡಿಯಿಲ್ಲ, ರಸ್ತೆಯಿಲ್ಲ. ಮುಂದೆ ಬರುತ್ತದೆಂಬ ಮಾತು ಮಾತ್ರ ಇತ್ತು. ಕರಾರು ಎಂಥದೆಂದರೆ, ಕೊನೆಯ ಕಂತು ಸಲ್ಲುವವರೆಗೆ ಹಕ್ಕು ಮಾರಿದವನದೇ. ನಡುವೆ ಕಂತು ತಪ್ಪಿದರೆ ಕೊಟ್ಟ ಹಣವೂ ಕಟ್ಟಿದ ಮನೆಯೂ ಹೋಯಿತು. ಆದರೂ ಜನ ಕೊಂಡರು. ಒಂದು ಕೋಣೆ ಕಟ್ಟಿ, ಹಣ ಬಂದಾಗ ಇನ್ನೊಂದನ್ನು ಸೇರಿಸಿ, ಪೀಪಾಯಿಗಳಲ್ಲಿ ನೀರು ತುಂಬಿಟ್ಟುಕೊಂಡು, ತಮ್ಮದೆಂಬ ಮನೆಯಲ್ಲಿ ಬಾಳಿದರು. ಇಂಥ ಕರಾರಿಗೆ ಒಂದಿಷ್ಟು ಹದ್ದು ಬಂದದ್ದು ೧೯೯೫ರ ಶಾಸನದಿಂದ. ಟೆಕ್ಸಾಸಿನಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಕೊಲೋನಿಯಾಗಳಿವೆ. ಅಲ್ಲಿ ನೆಲಸಿರುವವರ ಸಂಖ್ಯೆ ಲಕ್ಷಗಳಲ್ಲಿ.

ಇವರು ಮೋಸ ಹೋದವರೋ, ಸಾಹಸಿಗಳೋ? ಎರಡೂ ಹೌದು. ಬಡವನ ಧೈರ್ಯವನ್ನು ಹೊಗಳುವುದರಲ್ಲಿ ಒಂದು ಅಪಾಯವುಂಟು: ಹೊಗಳಿಕೆ ಮುಗಿಯುವುದರೊಳಗೆ ಚರಂಡಿಯ ಮಾತು ಮರೆತುಹೋಗುತ್ತದೆ. ಬಡವನ ಮೋಸವನ್ನೇ ಹೇಳುತ್ತ ಕುಳಿತರೆ ಅವನು ಬುದ್ಧಿಯಿಲ್ಲದವನೆಂಬ ತಾತ್ಸಾರ ಬೆಳೆಯುತ್ತದೆ. ನೀತಿಯ ವಿಚಾರ ಮಾಡುವವರು ಈ ಎರಡು ಹಳ್ಳಗಳ ನಡುವಣ ಕಾಲುದಾರಿಯಲ್ಲಿ ನಡೆಯಬೇಕಾಗಿದೆ.

ತಾತ್ಸಾರದ ಹಳ್ಳಕ್ಕೆ ವಿದ್ವತ್ತೂ ದಾರಿಯಾದದ್ದುಂಟು. ಆಸ್ಕರ್ ಲೂಯಿಸ್ ಎಂಬ ಮಾನವಶಾಸ್ತ್ರಜ್ಞರು ಮೆಕ್ಸಿಕೋ ನಗರದ ಬಡ ಸಂಸಾರಗಳನ್ನೂ, ಸಾನ್ ಹ್ವಾನಿನಿಂದ ನ್ಯೂಯಾರ್ಕಿಗೆ ಬಂದ ಪೋರ್ಟೋರಿಕೋದ ಸಂಸಾರವೊಂದನ್ನೂ ವರ್ಷಗಟ್ಟಲೆ ಪರಿಶೀಲಿಸಿ, ೧೯೫೯ರಿಂದ ೧೯೬೬ರವರೆಗೆ ಪ್ರಕಟಿಸಿದ ಗ್ರಂಥಗಳಲ್ಲಿ ದಾರಿದ್ರ್ಯದ ಸಂಸ್ಕೃತಿ ಎಂಬ ಭಾವನೆಯನ್ನು ಮುಂದಿಟ್ಟರು. ಬಡತನದೊಡನೆ ಹೆಣಗಾಡುವ ಜನ ಅದಕ್ಕೆ ಹೊಂದಿಕೊಳ್ಳುವ ನಡೆನುಡಿಗಳನ್ನು ಬೆಳೆಸಿಕೊಳ್ಳುತ್ತಾರೆ. ಆ ನಡೆನುಡಿ ಮಕ್ಕಳಿಗೂ ಬಂದು, ಅವಕಾಶ ದೊರೆತಾಗಲೂ ಅವರನ್ನು ಹಿಂದಕ್ಕೆಳೆಯುತ್ತದೆ, ಎಂಬುದು ಅದರ ಸಾರ. ಲೂಯಿಸರಿಗೆ ಬಡವರಲ್ಲಿ ಪ್ರೀತಿಯಿತ್ತು. ದೋಷವೆಲ್ಲ ಅವರದೇ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಆದರೆ ಓದಿದವರಿಗೆ ಬೇಕಾಗಿದ್ದುದು ಆ ಭಾವನೆಯ ಎರಡನೆಯ ಅರ್ಧ ಮಾತ್ರ. ಹಾಗೆಂದು ಅವರು ಅದನ್ನೇ ಕತ್ತರಿಸಿಕೊಂಡು ಹೋದರು. ೧೯೮೭ರಲ್ಲಿ ವಿಲಿಯಂ ಜೂಲಿಯಸ್ ವಿಲ್ಸನ್ನರು ಷಿಕಾಗೋ ನಗರದ ಕರಿಯ ಜನರ ಕೇರಿಗಳನ್ನು ಕುರಿತು ಬರೆದಾಗ ಪ್ರಶ್ನೆಯ ಮುಖ ತಿರುಗಿತು: ಕಾರ್ಖಾನೆಗಳು ಹೋದುವು, ಅವುಗಳ ಹಿಂದೆ ಕೊಂಚ ಸ್ಥಿತಿವಂತರೂ ಹೋದರು, ಉಳಿದವರಿಗೆ ದಾರಿ ತೋರಿಸುವವರಿಲ್ಲವಾಯಿತು, ಬಡತನ ಒಂದೆಡೆ ಸಾಂದ್ರವಾದುದರ ಫಲವನ್ನು ಬಡವರ ಸ್ವಭಾವವೆಂದು ತಿಳಿಯಕೂಡದು.

ಹಾಗಾದರೆ ಸಾಂದ್ರತೆ ಎಲ್ಲೆಲ್ಲಿಯೂ ಒಂದೇ ಫಲ ಕೊಡುವುದೆ? ಈ ಪ್ರಶ್ನೆಗೆ ಷಿಕಾಗೋ ನಗರವೇ ಒಂದು ಭಯಂಕರವಾದ ಪರೀಕ್ಷೆಯನ್ನು ಒದಗಿಸಿತು. ೧೯೯೫ರ ಜುಲೈ ತಿಂಗಳ ನಡುವಿನಲ್ಲಿ ಅಲ್ಲಿ ಬಿಸಿಲು ಫ್ಯಾರನ್‌ಹೀಟ್ ೧೦೬ ಡಿಗ್ರಿಯವರೆಗೆ ಏರಿತು. ರಾತ್ರಿಯೂ ತಣಿಯಲಿಲ್ಲ. ಒಂದು ವಾರದಲ್ಲಿ ಏಳುನೂರಕ್ಕಿಂತ ಹೆಚ್ಚು ಮಂದಿ ಮಡಿದರು. ಹೆಚ್ಚಿನವರು ವೃದ್ಧರು, ಅವರಲ್ಲಿಯೂ ಒಂಟಿಯಾಗಿ, ಕಿಟಕಿ ಬಾಗಿಲು ಭದ್ರಪಡಿಸಿಕೊಂಡು, ಯಾರೂ ಕರೆಯದೆ ಯಾರನ್ನೂ ಕರೆಯದೆ ಪ್ರಾಣ ಬಿಟ್ಟವರು ಬಹಳ. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಈ ಮರಣಗಳನ್ನು ಬೀದಿಬೀದಿಯಾಗಿ ಪರಿಶೀಲಿಸಿ ೨೦೦೨ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದರಲ್ಲಿ ಎರಡು ಕೇರಿಗಳ ಹೋಲಿಕೆಯಿದೆ. ಉತ್ತರ ಲಾನ್‌ಡೇಲ್ ಕರಿಯ ಜನರದು. ಅದಕ್ಕೆ ಅಂಟಿಕೊಂಡಿರುವ ದಕ್ಷಿಣ ಲಾನ್‌ಡೇಲ್ ಬಹುಮಟ್ಟಿಗೆ ಮೆಕ್ಸಿಕನರದು. ಲಿಟ್ಲ್ ವಿಲೇಜ್, ಪುಟ್ಟ ಹಳ್ಳಿ ಎಂಬುದು ಅದರ ಬಳಕೆಯ ಹೆಸರು. ಅಲ್ಲಿಯವರು ಪ್ರೀತಿಯಿಂದ ಲಾ ವಿಲೀಟಾ ಎನ್ನುತ್ತಾರೆ. ಎರಡರಲ್ಲಿಯೂ ಬಡತನವಿತ್ತು, ಎರಡರಲ್ಲಿಯೂ ಒಂಟಿ ವೃದ್ಧರು ಹೆಚ್ಚುಕಡಮೆ ಸಮವಾಗಿದ್ದರು, ಬಿಸಿಲಂತೂ ಒಂದೇ. ಉತ್ತರದಲ್ಲಿ ಸತ್ತವರು ೧೯ ಮಂದಿ, ದಕ್ಷಿಣದಲ್ಲಿ ೩. ಜನಸಂಖ್ಯೆಗೆ ಹೋಲಿಸಿ ನೋಡಿದರೆ ಲಕ್ಷಕ್ಕೆ ೪೦, ಲಕ್ಷಕ್ಕೆ ೪.

ಈ ಭೇದಕ್ಕೆ ಕಾರಣವೇನು? ಮೆಕ್ಸಿಕನರು ಹಿರಿಯರನ್ನು ಗೌರವಿಸುವ ಜನ ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ. ಅದು ಸುಲಭವಾದ ಉತ್ತರ. ಹಿರಿಯರನ್ನು ಗೌರವಿಸದ ಜನ ಯಾವ ದೇಶದಲ್ಲಿಯೂ ತಾವು ಹಾಗೆಂದು ಒಪ್ಪಿಕೊಂಡಿಲ್ಲ. ಕ್ಲೈನೆನ್‌ಬರ್ಗರು ಕಂಡದ್ದು ಬೀದಿಯನ್ನು. ಪುಟ್ಟ ಹಳ್ಳಿಯ ೨೬ನೆಯ ಬೀದಿಯಲ್ಲಿ ಮೈಲಿಗಟ್ಟಲೆ ಅಂಗಡಿಗಳು; ರೊಟ್ಟಿ ಮಾಡುವವರು, ಹಣ್ಣು ಮಾರುವವರು, ತಳ್ಳುಗಾಡಿಯವರು; ಹಗಲಿರುಳು ನಡೆದಾಡುವ ಜನ. ಸೆಕೆ ಹೆಚ್ಚಿದಾಗ ಮುದುಕಿಯೊಬ್ಬಳು ಕೆಳಗಿಳಿದು ಬಂದರೆ ತಂಪಾದ ಅಂಗಡಿಯೊಳಗೆ ಒಂದು ಗಂಟೆ ನಿಲ್ಲಬಹುದು. ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರುಂಟು. ಉತ್ತರದಲ್ಲಿ ಅಂಗಡಿಗಳು ಮುಚ್ಚಿದ್ದುವು. ೧೯೬೦ರಲ್ಲಿ ಒಂದು ಲಕ್ಷ ಇಪ್ಪತ್ತೈದು ಸಾವಿರದಷ್ಟಿದ್ದ ಜನ ೧೯೯೦ರ ಹೊತ್ತಿಗೆ ಐವತ್ತು ಸಾವಿರಕ್ಕಿಂತ ಕೆಳಗಿಳಿದಿದ್ದರು; ಸುತ್ತಣ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಹೋಗಿದ್ದುವು; ಮನೆಗಳ ನಡುವೆ ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆದಿತ್ತು. ಹೊರಗೆ ಕಾಲಿಡಲು ಹೆದರುವ ವೃದ್ಧನಿಗೆ ಬಾಗಿಲು ತೆರೆಯೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಪುಟ್ಟ ಹಳ್ಳಿಯಲ್ಲಿ ಮೆಕ್ಸಿಕನರು ಬರುವುದಕ್ಕೆ ಮೊದಲು ಇದ್ದ ಬಿಳಿಯ ಜನರಲ್ಲಿ ಕೆಲವು ಮುದುಕರು ಇನ್ನೂ ಉಳಿದಿದ್ದರು. ಅವರಿಗೆ ಸ್ಪ್ಯಾನಿಷ್ ಬಾರದು, ಬಂಧುತ್ವವೂ ಇಲ್ಲ. ಅವರಿಗೂ ಆ ಬೀದಿ ಆಸರೆಯಾಯಿತು. ಆದುದರಿಂದ ರಕ್ಷಣೆ ರಕ್ತದಲ್ಲಿರಲಿಲ್ಲ.

ಈ ನಿರ್ಣಯವನ್ನು ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಮಿಚೆಲ್ ಡೂನಿಯರ್ ಎಂಬ ಇನ್ನೊಬ್ಬ ವಿದ್ವಾಂಸರು ೨೦೦೬ರಲ್ಲಿ ಸತ್ತವರ ಮನೆಗಳನ್ನೇ ಹುಡುಕಿಕೊಂಡು ಹೋಗಿ, ಕೇರಿಯ ಸರಾಸರಿಯಿಂದ ವ್ಯಕ್ತಿಯ ಮರಣವನ್ನು ವಿವರಿಸುವುದು ತರ್ಕದೋಷವೆಂದು ವಾದಿಸಿದರು. ಎಚ್ಚರಿಕೆ ಯೋಗ್ಯವಾದದ್ದೇ, ಹತ್ತೊಂಬತ್ತು ಮೂರು ಎಂಬ ಸಂಖ್ಯೆಗಳ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟುವುದು ಕಷ್ಟ. ಆದರೆ ಬೇರೆ ಕಡೆಯಿಂದ ಬಂದ ಸಾಕ್ಷ್ಯವೂ ಉಂಟು. ಹಿಸ್ಪಾನಿಕರು ಬಡವರಾಗಿದ್ದರೂ ಅವರ ಆರೋಗ್ಯ ಬಿಳಿಯರಿಗೆ ಹತ್ತಿರವಾಗಿದೆಯೆಂದು ೧೯೮೬ರಲ್ಲಿಯೇ ವೈದ್ಯಶಾಸ್ತ್ರದವರು ಗುರುತಿಸಿದ್ದರು. ೨೦೧೯ರಲ್ಲಿ ಅವರ ನಿರೀಕ್ಷಿತ ಆಯುಸ್ಸು ಸುಮಾರು ೮೨ ವರ್ಷ. ಬಿಳಿಯರದು ೭೯ರ ಆಸುಪಾಸು. ಮೆಕ್ಸಿಕನ್ ವೃದ್ಧರಲ್ಲಿ ತಮ್ಮವರು ದಟ್ಟವಾಗಿರುವ ಬಡ ಕೇರಿಗಳಲ್ಲಿ ಇರುವವರೇ ಹೆಚ್ಚು ಕಾಲ ಬಾಳುತ್ತಾರೆಂದೂ ಒಂದು ಸಂಶೋಧನೆ ತೋರಿಸಿತು. ನಕ್ಷೆಯಲ್ಲಿ ಅತಿ ಕೆಟ್ಟ ಬಣ್ಣ ಬಿದ್ದ ಕಡೆ ಆಯುಸ್ಸು ಹೆಚ್ಚಾಗಿರುವುದು ನಕ್ಷೆ ಬರೆದವರು ಎಣಿಸದಿದ್ದ ಮಾತು.

ಈ ಸಂಗತಿಯಿಂದ ಸಂತೋಷಪಟ್ಟು ಸುಮ್ಮನಾಗುವುದು ಮಾತ್ರ ದೊಡ್ಡ ಅನ್ಯಾಯ. ೨೦೨೦ರಲ್ಲಿ ಕೊರೋನಾ ಪಿಡುಗು ಬಂದಾಗ ಅದೇ ಒತ್ತೊತ್ತಿನ ಮನೆಗಳು, ಒಂದೇ ಕೋಣೆಯಲ್ಲಿ ಮೂರು ತಲೆಮಾರು ಮಲಗುವ ಅದೇ ಅಕ್ಕರೆ, ರೋಗಕ್ಕೆ ಸೇತುವೆಯಾದುವು. ಕೆಲಸವಂತೂ ಮನೆಯಲ್ಲಿ ಕುಳಿತು ಮಾಡುವಂಥದಲ್ಲ. ಮಾಂಸದ ಕಾರ್ಖಾನೆ, ಹೊಲ, ಅಡಿಗೆಮನೆ. ಒಂದೇ ವರ್ಷದಲ್ಲಿ ಹಿಸ್ಪಾನಿಕರ ನಿರೀಕ್ಷಿತ ಆಯುಸ್ಸು ಸುಮಾರು ನಾಲ್ಕು ವರ್ಷ ಕುಗ್ಗಿತು. ನೆರೆಯವರ ಅಕ್ಕರೆ ಬಿಸಿಲಿನಿಂದ ಕಾಪಾಡಬಲ್ಲದು. ಗಾಳಿಯಾಡುವ ಮನೆಯನ್ನು ಅದು ಕಟ್ಟಿಕೊಡಲಾರದು. ಬಡವರಲ್ಲಿ ಒಗ್ಗಟ್ಟಿದೆಯೆಂಬುದನ್ನು ಕಾರಣವಾಗಿಟ್ಟುಕೊಂಡು ನಗರಸಭೆಯು ತನ್ನ ಕರ್ತವ್ಯವನ್ನು ಆ ಒಗ್ಗಟ್ಟಿನ ಮೇಲೆ ಹೊರಿಸುವುದಾದರೆ, ಅದು ಉದಾರನಾದ ನೆಂಟನ ಮನೆಯಲ್ಲಿ ತನ್ನ ಮಕ್ಕಳನ್ನು ಬಿಟ್ಟು ಮರೆತವನ ನಡತೆಗೆ ಸಮಾನ.

ಒಗ್ಗಟ್ಟಿನೊಳಗೂ ಲೆಕ್ಕಾಚಾರವುಂಟು. ೧೯೫೯ರ ಕ್ರಾಂತಿಯ ತರುವಾಯ ಕ್ಯೂಬಾ ಬಿಟ್ಟು ಮಯಾಮಿಗೆ ಬಂದವರು ತಮ್ಮ ಕೇರಿಯನ್ನು ಸಿರಿವಂತವಾಗಿಸಿದುದನ್ನು ಎಲ್ಲರೂ ಉದಾಹರಿಸುತ್ತಾರೆ. ಕ್ಯೂಬನ್ ಒಡೆಯ, ಕ್ಯೂಬನ್ ಕೆಲಸಗಾರ, ಕ್ಯೂಬನ್ ಗಿರಾಕಿ; ಇಂಗ್ಲಿಷ್ ಬಾರದವನೂ ಮೇಲೇರಬಹುದು, ಎಂದು ಅಲೆಹಾಂಡ್ರೋ ಪೋರ್ಟಿಸ್ ಮೊದಲಾದವರು ತೋರಿಸಿದರು. ಮೊದಲು ಬಂದವರಲ್ಲಿ ಓದಿದವರೂ ವ್ಯಾಪಾರ ಬಲ್ಲವರೂ ಹೆಚ್ಚಾಗಿದ್ದರೆಂಬುದನ್ನೂ, ೧೯೬೧ರಿಂದ ಸರಕಾರವು ಅವರಿಗೆ ವಿಶೇಷ ಸಹಾಯವನ್ನು ಕೊಟ್ಟಿತೆಂಬುದನ್ನೂ, ೧೯೬೬ರ ಶಾಸನದಿಂದ ಅವರಿಗೆ ಕಾಯಂ ವಾಸದ ಹಕ್ಕು ಸುಲಭವಾಯಿತೆಂಬುದನ್ನೂ ಉದಾಹರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗಡಿ ದಾಟಿದ ಮೆಕ್ಸಿಕನನಿಗೆ ಇವು ಯಾವುವೂ ಇರಲಿಲ್ಲ. ೧೯೮೭ರಲ್ಲಿ ಇಬ್ಬರು ವಿದ್ವಾಂಸರು ಮತ್ತೊಂದು ಸಂಶಯವೆತ್ತಿದರು: ಇಂಥ ಕೇರಿಯ ಲಾಭ ಒಡೆಯನಿಗೆ ಸಿಕ್ಕಷ್ಟು ಕೆಲಸಗಾರನಿಗೆ ಸಿಕ್ಕುವುದಿಲ್ಲ. ಇದು ನೀತಿಯ ದೃಷ್ಟಿಯಿಂದ ಸೂಕ್ಷ್ಮವಾದ ಮಾತು. ಪರರ ಬಳಿ ಕೂಲಿ ಕಡಮೆಯಾದರೆ ಕೇಳಬಹುದು. ಊರಿನವನೆಂದು ಕರೆದು ಕೆಲಸ ಕೊಟ್ಟವನ ಬಳಿ ಕೇಳುವುದಕ್ಕೆ ಹಂಗು ಅಡ್ಡ ಬರುತ್ತದೆ. ಕೃತಜ್ಞತೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಯಜಮಾನರು ಎಲ್ಲ ಕೇರಿಗಳಲ್ಲಿಯೂ ಇದ್ದಾರೆ.

ಕೇರಿಯಿಂದ ಇಷ್ಟು ಗುಣವೂ ಇಷ್ಟು ದೋಷವೂ ಇರುವುದಾದರೆ, ಬಡವರನ್ನು ಅಲ್ಲಿಂದ ಬಿಡಿಸಿ ಬೇರೆ ಕಡೆ ನೆಲೆಗೊಳಿಸುವುದು ಸರಿಯೆ? ಇದನ್ನು ಸರಕಾರ ಪ್ರಯೋಗ ಮಾಡಿಯೇ ನೋಡಿತು. ೧೯೯೪ರಲ್ಲಿ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲ್ಸ್, ನ್ಯೂಯಾರ್ಕ್ ಎಂಬ ಐದು ನಗರಗಳ ಸರಕಾರಿ ವಸತಿಗಳಲ್ಲಿದ್ದ ಸುಮಾರು ೪೬೦೦ ಸಂಸಾರಗಳಿಗೆ ಚೀಟಿಯೆತ್ತಿ, ಕೆಲವರಿಗೆ ಬಡತನ ನೂರಕ್ಕೆ ಹತ್ತಕ್ಕಿಂತ ಕಡಮೆಯಿರುವ ಬೀದಿಗಳಿಗೆ ಹೋಗುವ ಷರತ್ತಿನ ಮೇಲೆ ಬಾಡಿಗೆಯ ಸಹಾಯವನ್ನು ಕೊಟ್ಟರು. ಆ ಸಂಸಾರಗಳು ಬಹುಮಟ್ಟಿಗೆ ಕರಿಯ ಜನರವು ಮತ್ತು ಹಿಸ್ಪಾನಿಕರವು. ದೊಡ್ಡವರ ಗಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರ ಮನಸ್ಸು ಹಗುರವಾಯಿತು, ಮೈಯೂ ಕೊಂಚ ಸುಧಾರಿಸಿತು. ೨೦೧೫ರಲ್ಲಿ ರಾಜ್ ಚೆಟ್ಟಿ ಮತ್ತು ಅವರ ಜತೆಗಾರರು ಆ ಮಕ್ಕಳು ಬೆಳೆದ ಮೇಲೆ ಏನಾದರೆಂದು ನೋಡಿದಾಗ, ಹದಿಮೂರು ತುಂಬುವುದಕ್ಕೆ ಮೊದಲು ಹೋದವರು ಇಪ್ಪತ್ತೈದರ ಆಸುಪಾಸಿನಲ್ಲಿ, ಚೀಟಿ ಬಾರದವರಿಗಿಂತ ನೂರಕ್ಕೆ ೩೧ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು ತಿಳಿದುಬಂತು. ಅದಕ್ಕಿಂತ ದೊಡ್ಡವರಾದ ಮೇಲೆ ಹೋದವರಿಗೆ ಲಾಭವಾಗಲಿಲ್ಲ. ಬೇರು ಕಿತ್ತ ನಷ್ಟವೇ ಆದಂತೆ ಕಾಣುತ್ತದೆ.

ಇದರಿಂದ ಸ್ಥಳದ ಮಹಿಮೆ ಸಿದ್ಧವಾಯಿತು. ಯಾವುದೇ ತಾಯಿ ತನ್ನ ಐದು ವರ್ಷದ ಮಗುವನ್ನು ಕರೆದುಕೊಂಡು ಹೋಗಬೇಕೆಂದರೆ ಅವಳನ್ನು ತಡೆಯುವುದಕ್ಕೆ ಒಗ್ಗಟ್ಟಿನ ಹೆಸರಿನಲ್ಲಿ ಯಾರಿಗೂ ಅಧಿಕಾರವಿಲ್ಲ. ಆದರೆ ಚೀಟಿ ಎತ್ತಿದ್ದು ಕೆಲವರಿಗಾಗಿ. ಕೇರಿಯಲ್ಲಿ ಉಳಿದ ಮಗುವಿಗೂ ನಡೆಯುವ ಶಾಲೆ ಸಲ್ಲಬೇಕಾದದ್ದು. ಹೋಗುವ ಹಕ್ಕಿನ ಹಾಗೆಯೇ, ಇದ್ದಲ್ಲಿಯೇ ಕೆಟ್ಟುಹೋಗದೆ ಇರುವ ಹಕ್ಕೂ ಒಂದುಂಟು. ಆಡಳಿತಗಾರರಿಗೆ ಮೊದಲನೆಯದು ಪ್ರಿಯ, ಏಕೆಂದರೆ ಅದರಿಂದ ನೆಲ ತೆರವಾಗುತ್ತದೆ.

ನೆಲ ತೆರವಾದ ಮೇಲೆ ಏನಾಗುವುದೆಂಬುದಕ್ಕೆ ಲಾಸ್ ಏಂಜಲ್ಸಿನ ಚಾವೆಜ್ ರವೀನ್ ಎಂಬ ಕಣಿವೆಯ ಕಥೆ ಸಾಕು. ಅಲ್ಲಿ ಪಾಲೋ ವರ್ಡೆ, ಲಾ ಲೋಮಾ, ಬಿಷಪ್ ಎಂಬ ಮೂರು ಮೆಕ್ಸಿಕನ್ ಕೇರಿಗಳಿದ್ದುವು. ೧೯೫೦ರಲ್ಲಿ ಸರಕಾರಿ ವಸತಿಗಳನ್ನು ಕಟ್ಟುವುದಾಗಿಯೂ, ಅವುಗಳಲ್ಲಿ ಅವರಿಗೇ ಮೊದಲ ಅವಕಾಶವೆಂದೂ ಹೇಳಿ ಜನರನ್ನು ಎಬ್ಬಿಸತೊಡಗಿದರು. ಬಹುಮಂದಿ ಹೋದರು. ೧೯೫೩ರಲ್ಲಿ ಹೊಸ ನಗರಾಧ್ಯಕ್ಷರು ಬಂದು, ಸರಕಾರ ಮನೆ ಕಟ್ಟುವುದು ಸಮತಾವಾದವೆಂದು ಆ ಯೋಜನೆಯನ್ನು ಕೈಬಿಡಿಸಿದರು. ಹೋಗದೆ ಉಳಿದಿದ್ದ ಕೊನೆಯ ಸಂಸಾರಗಳನ್ನು ೧೯೫೯ರ ಮೇ ತಿಂಗಳಲ್ಲಿ ಹೊತ್ತು ಹೊರಗೆ ಹಾಕಿದರು. ೧೯೬೨ರಲ್ಲಿ ಅಲ್ಲಿ ಬೇಸ್‌ಬಾಲ್ ಆಟದ ಮೈದಾನ ತೆರೆಯಿತು.

ಬಾಸ್ಟನ್ ನಗರದಲ್ಲಿ ಅಂಥದೇ ಹೊತ್ತಿನಲ್ಲಿ ಪೋರ್ಟೋರಿಕೋದವರು ಬೇರೆ ದಾರಿ ಹಿಡಿದರು. ೧೯ನೆಯ ತುಂಡು ಎಂದು ನಗರದ ಕಾಗದಗಳಲ್ಲಿ ನಮೂದಾಗಿದ್ದ ತಮ್ಮ ಕೇರಿಯನ್ನು ಕೆಡವಲಿದ್ದಾರೆಂದು ತಿಳಿದು, ೧೯೬೮ರಲ್ಲಿ ಸಂಘ ಕಟ್ಟಿ, ಇಲ್ಲಿಂದ ಕದಲೆವು ಎಂದು ಹೋರಾಡಿ, ಅಲ್ಲಿಯೇ ಮನೆಗಳನ್ನು ಕಟ್ಟಿಸುವ ಅಧಿಕಾರವನ್ನು ತಾವೇ ಪಡೆದರು. ಅದಕ್ಕೆ ವಿಲ್ಲಾ ವಿಕ್ಟೋರಿಯಾ, ಜಯದ ಹಳ್ಳಿ ಎಂದು ಹೆಸರಾಯಿತು. ಮಾರಿಯೋ ಸ್ಮಾಲ್ ಎಂಬುವರು ೨೦೦೪ರಲ್ಲಿ ಆ ಕೇರಿಯನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ವಿಚಿತ್ರವಾದ ಅಂಶವಿದೆ. ಹೋರಾಡಿದ ತಲೆಮಾರಿನವರು ಕೇರಿಯ ಕೆಲಸಕ್ಕೆ ಇನ್ನೂ ಹೆಗಲು ಕೊಡುತ್ತಿದ್ದರು. ಕಿರಿಯರಲ್ಲಿ ಬಹಳ ಮಂದಿ ಕೊಡುತ್ತಿರಲಿಲ್ಲ. ಇಬ್ಬರದೂ ಒಂದೇ ಬಡತನ, ಒಂದೇ ಬೀದಿ. ಹಿರಿಯರಿಗೆ ಅದು ಗೆದ್ದುಕೊಂಡ ನೆಲ. ಕಿರಿಯರಿಗೆ ಸರಕಾರ ಕಟ್ಟಿದ ಬಡವರ ವಸತಿಗಳಲ್ಲಿ ಒಂದು. ಬಡತನ ತಾನಾಗಿಯೇ ಜನರನ್ನು ಕೂಡಿಸುವುದೂ ಇಲ್ಲ, ಒಡೆಯುವುದೂ ಇಲ್ಲ. ತಾವಿರುವ ಸ್ಥಳ ತಮಗೆ ಏನೆಂದು ಜನ ತಿಳಿದುಕೊಂಡಿದ್ದಾರೆಂಬುದೂ ಲೆಕ್ಕಕ್ಕೆ ಬರುತ್ತದೆ.

ಈಚಿನ ಮೂ‍ವತ್ತು ನಲವತ್ತು ವರ್ಷಗಳಲ್ಲಿ ಹಿಸ್ಪಾನಿಕರು ಹಳೆಯ ಕೇರಿಗಳನ್ನು ಬಿಟ್ಟು ದೇಶದ ನಾನಾ ಮೂಲೆಗಳಿಗೆ ಹೋಗಿದ್ದಾರೆ: ಜಾರ್ಜಿಯದ ಡಾಲ್ಟನ್ನಿಗೆ ರತ್ನಗಂಬಳಿಯ ಕೆಲಸಕ್ಕೆ, ಅಯೋವ ನೆಬ್ರಾಸ್ಕಗಳ ಚಿಕ್ಕ ಊರುಗಳಿಗೆ ಮಾಂಸದ ಕಾರ್ಖಾನೆಗಳಿಗೆ. ಅವರ ಬಡತನವೂ ಇಳಿದಿದೆ. ೧೯೯೪ರಲ್ಲಿ ನೂರಕ್ಕೆ ೩೦ ದಾಟಿದ್ದುದು ೨೦೧೯ರಲ್ಲಿ ೧೬ಕ್ಕಿಂತ ಕೆಳಗೆ ಬಂದಿತ್ತು. ಗುಂಪುಗೂಡುವುದೇ ಬಡತನದ ಮೂಲವೆಂದು ತಿಳಿದವರಿಗೆ ಈ ಚದರುವಿಕೆ ಸಮಾಧಾನ ತರಬೇಕು. ಆದರೆ ನೆಬ್ರಾಸ್ಕದ ಲೆಕ್ಸಿಂಗ್ಟನ್ ಎಂಬ ಊರನ್ನು ನೋಡಬಹುದು. ೧೯೮೦ರ ದಶಕದಲ್ಲಿ ಅಲ್ಲಿಯ ಕೃಷಿಯಂತ್ರಗಳ ಕಾರ್ಖಾನೆ ಮುಚ್ಚಿ ಊರು ಸೊರಗಿತ್ತು. ೧೯೯೦ರಲ್ಲಿ ಮಾಂಸದ ಕಾರ್ಖಾನೆ ತೆರೆಯಿತು. ಅದಕ್ಕೆ ಮೊದಲು ಹಿಸ್ಪಾನಿಕರು ಅಲ್ಲಿ ಬಹು ವಿರಳ. ಆಮೇಲೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಅವರೇ ಆದರು. ಮನೆ ಕೊಂಡರು, ಅಂಗಡಿ ತೆರೆದರು, ಮಕ್ಕಳನ್ನು ಕಾಲೇಜಿಗೆ ಕಳಿಸಿದರು. ೨೦೨೫ರ ನವೆಂಬರಿನಲ್ಲಿ ಕಾರ್ಖಾನೆಯ ಒಡೆತನದ ಕಂಪನಿಯು, ಮುಂದಿನ ಜನವರಿಯಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಹನ್ನೊಂದು ಸಾವಿರದಷ್ಟು ಜನರಿರುವ ಊರಿನಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಮಂದಿಯ ಕೆಲಸ ಅದನ್ನು ಅವಲಂಬಿಸಿತ್ತು. ಮುಂದಿನ ಗಣತಿಯ ಗುಮಾಸ್ತರು ಆ ಬೀದಿಗಳಿಗೆ ಬರುವುದು ೨೦೩೦ರಲ್ಲಿ. ಅವರ ಪಟ್ಟಿಯಲ್ಲಿ ಮನೆಯವರ ಮೂಲವನ್ನು ಬರೆಯುವುದಕ್ಕೆ ಕಲಮಿದೆ, ಕಾರ್ಖಾನೆ ಹೋದ ತಾರೀಖನ್ನು ಬರೆಯುವುದಕ್ಕೆ ಇಲ್ಲ.